ಕ್ಯಾಂಪಸ್ಸಿನ ತಪ್ಪು, ಖಾನಾವಳಿಯ ಒಲೆ

ಅಟ್ಟೂರಿನ ಶಿವಲಿಂಗವ್ವನ ಖಾನಾವಳಿಯ ಜೋಳದ ರೊಟ್ಟಿಗೆ ಯಲಹಂಕದಿಂದಲೂ ಜನ ಬರುತ್ತಿದ್ದರು. ಆದರೆ ಹಿತ್ತಲಿಗೆ ಹೋದವರು ಮೂಗು ಮುಚ್ಚಿಕೊಂಡೇ ಹೊರಗೆ ಬರುತ್ತಿದ್ದರು. ಉಳಿದ ಅನ್ನ, ಸಾರು, ತರಕಾರಿ ಸಿಪ್ಪೆ ಎಲ್ಲ ಅಲ್ಲೇ ಡ್ರಮ್ಮಿನಲ್ಲಿ ಕೊಳೆಯುತ್ತಿತ್ತು. ಕಸದ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಕ್ಕಪಕ್ಕದವರ ದೂರು ಕೇಳಿ ಸಾಕಾದ ಕಟ್ಟಡದ ಮಾಲೀಕ ಮುನಿಕೃಷ್ಣಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು: ಯುಗಾದಿಯೊಳಗೆ ವಾಸನೆ ಹೋಗಬೇಕು, ಇಲ್ಲವಾದರೆ ಖಾನಾವಳಿ ಹೋಗಬೇಕು. ಬಾಗಲಕೋಟೆ ಕಡೆಯಿಂದ ಬಂದು ಹತ್ತು ವರ್ಷ ರೊಟ್ಟಿ ಬಡಿದು ಕಟ್ಟಿದ ಬದುಕು. ಶಿವಲಿಂಗವ್ವನಿಗೆ ಅಂದು ಊಟ ಸೇರಲಿಲ್ಲ.

ದಿನಾ ಅಲ್ಲೇ ಉಣ್ಣುವ ಕಾಶಿನಾಥ ಹತ್ತಿರದ ವಿಶ್ವವಿದ್ಯಾಲಯದಲ್ಲಿ ಲ್ಯಾಬ್ ಸಹಾಯಕ. ಅಲ್ಲಿ ಹಾಸ್ಟೆಲಿನಲ್ಲಿ ಉಳಿದ ಅನ್ನದಿಂದಲೇ ಗ್ಯಾಸ್ ಮಾಡಿ ಅಡುಗೆ ಮಾಡುತ್ತಾರೆ, ಬಂದು ನೋಡಿ ಎಂದ. ಶಿವಲಿಂಗವ್ವ ಮುಖ ಸಿಂಡರಿಸಿದಳು.

“ಮಂದಿ ಎಂಜಲದ ಗ್ಯಾಸಿನ ಮ್ಯಾಲೆ ನಾ ರೊಟ್ಟಿ ಸುಡಬೇಕೇನು ತಮ್ಮಾ?”

“ಊರಾಗ ಸಗಣಿ ಗ್ಯಾಸಿನ ಮ್ಯಾಲೆ ಸುಟ್ಟೀರಲ್ಲರೀ ಅಕ್ಕಾರ. ಇದೂ ಹಂಗ.”

ಅವಳ ಮನಸ್ಸು ಒಪ್ಪಲಿಲ್ಲ. ಆದರೂ ಹೋದಳು.

ಹಾಸ್ಟೆಲಿನ ಅಡುಗೆಮನೆಯ ಹಿಂದೆ ಟ್ಯಾಂಕು, ಅದರ ಪಕ್ಕ ಒಂದು ಬೋರ್ಡು. ಬೋರ್ಡಿನಲ್ಲಿ ಹೊಗಳಿಕೆ ಏನೂ ಇರಲಿಲ್ಲ, ಮಾಡಿದ ತಪ್ಪುಗಳಿದ್ದವು. ಒಮ್ಮೆ ನಿಂಬೆ ಸಿಪ್ಪೆ ರಾಶಿ ಹಾಕಿ ಗ್ಯಾಸ್ ನಿಂತಿತ್ತು. ಒಮ್ಮೆ ಪಾತ್ರೆ ತೊಳೆದ ಸೋಪಿನ ನೀರು ಸೇರಿ ಟ್ಯಾಂಕು ಕೆಟ್ಟಿತ್ತು. ಇನ್ನೊಮ್ಮೆ ಪ್ಲಾಸ್ಟಿಕ್ ಚಮಚ ಸಿಕ್ಕಿಕೊಂಡು ಪೈಪು ಕಟ್ಟಿಕೊಂಡಿತ್ತು. ಇಷ್ಟು ಓದಿದವರು ತಮ್ಮ ತಪ್ಪನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿದ್ದಾರಲ್ಲ ಎಂದು ಶಿವಲಿಂಗವ್ವನಿಗೆ ಅವರ ಮೇಲೆ ಗೌರವ ಹುಟ್ಟಿತು. ತಪ್ಪುಗಳನ್ನೆಲ್ಲ ಮೊದಲು ಇಲ್ಲೇ ಮಾಡಿ ತಿದ್ದಿಕೊಂಡರೆ ಜನರ ಮನೆಯಲ್ಲಿ ಆಗುವುದಿಲ್ಲ, ಈ ಪರೀಕ್ಷೆಗಳೆಲ್ಲ ಅದಕ್ಕೇ ಎಂದು ಕಾಶಿನಾಥ ವಿವರಿಸಿದ.

“ಹೇಳಿದ್ದು ಸಾಕು. ಹಿಟ್ಟು ಕೊಡ್ರಿ,” ಎಂದು ಅವಳೇ ರೊಟ್ಟಿ ಬಡಿದಳು. ಆ ಗ್ಯಾಸಿನ ಉರಿ ನೀಲಿಯಾಗಿತ್ತು, ವಾಸನೆ ಇರಲಿಲ್ಲ. ರೊಟ್ಟಿ ಚೆನ್ನಾಗಿ ಉಬ್ಬಿತು. ಮುರಿದು ಬಾಯಿಗಿಟ್ಟು ನಿಧಾನವಾಗಿ ಜಗಿದಳು. ಉಳಿದದ್ದನ್ನು ಕಾಶಿನಾಥನ ಕೈಗಿಟ್ಟಳು. ಅವಳು ಒಪ್ಪಿದಳೆಂದು ಅವನಿಗೆ ಅರ್ಥವಾಯಿತು.

ಒಂದು ಸಣ್ಣ ಖಾನಾವಳಿಯಲ್ಲೂ ಪರೀಕ್ಷಿಸಿ ನೋಡಬೇಕೆಂದು ಕ್ಯಾಂಪಸ್ಸಿನವರೇ ಹುಡುಕುತ್ತಿದ್ದರು. ಆ ವಾರವೇ ಹಿತ್ತಲಿಗೆ ಟ್ಯಾಂಕು ಬಂತು. ಗ್ಯಾಸ್ ಹುಟ್ಟಲೆಂದು ಮೊದಲು ಸಗಣಿ ಕದಡಿ ಹಾಕಿ, ಮೂರು ವಾರ ಕಾದ ಮೇಲೆ ಒಲೆ ಹತ್ತಿತು. ಹಿತ್ತಲ ಡ್ರಮ್ಮು ಖಾಲಿಯಾಯಿತು.

ಯುಗಾದಿಯ ಮರುದಿನ ಮುನಿಕೃಷ್ಣಪ್ಪ ಬಂದವರೇ ನೇರ ಹಿತ್ತಲಿಗೆ ನಡೆದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಹಿಟ್ಟು ನಾದುತ್ತಿದ್ದ ಶಿವಲಿಂಗವ್ವನ ಕೈ ನಿಂತೇ ಹೋಯಿತು. ಕೊನೆಗೆ ಅವರು ಬಂದು ಬೆಂಚಿನ ಮೇಲೆ ಕೂತರು.

“ನಮ್ಮನೆ ಹಸಿ ಕಸಾನೂ ಇದ್ಕೆ ಆಕ್ಬೋದೇನಮ್ಮಾ?”

ಶಿವಲಿಂಗವ್ವನ ಕಣ್ಣು ತುಂಬಿತು. “ಹಾಕ್ರಿ ಯಜಮಾನ್ರ. ಮೊದ್ಲು ಊಟ ಮಾಡ್ರಿ,” ಎಂದು ತಟ್ಟೆ ಇಟ್ಟಳು.

ಬಂಧುಗಳೇ, ಇವತ್ತಿನಿಂದಲೇ ನಿಮ್ಮ ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ. ಹತ್ತಿರದ ಕಾಲೇಜಿನಲ್ಲಿ ಇಂಥ ಪರೀಕ್ಷೆ ನಡೆಯುತ್ತಿದ್ದರೆ ಸಂಕೋಚ ಬಿಟ್ಟು ಹೋಗಿ ನೋಡಿ. ಅನುಮಾನವಿದ್ದರೆ ಇನ್ನೂ ಒಳ್ಳೆಯದು, ಅದನ್ನೂ ಜೊತೆಗೆ ಕರೆದುಕೊಂಡು ಹೋಗಿ.