ಕುರ್ಡಿಯಲ್ಲಿ ಸಿಕ್ಕವಳು

ಬೆಳಿಗ್ಗೆ ಅಮೀರ್ ಬೀ ಸಿಕ್ಕಿದ್ದಳು. ಮರೆವಿನ ಮುದುಕಿ, ರಾಯಚೂರಿನ ಬಸ್ ನಿಲ್ದಾಣದಲ್ಲಿ ಮಗಳ ಕೈ ತಪ್ಪಿಸಿಕೊಂಡು ಎತ್ತಲೋ ಹೋಗಿಬಿಟ್ಟಿದ್ದಳು. ಹೆಡ್ ಕಾನ್‌ಸ್ಟೆಬಲ್ ಅನ್ನಪೂರ್ಣ ಕ್ಯಾಮೆರಾದ ದೃಶ್ಯಗಳನ್ನು ಹಿಂದೆ ಮುಂದೆ ಓಡಿಸಿ, ಆ ಗೂನುಬೆನ್ನು ಯರಗೇರಾ ಬಸ್ಸು ಹತ್ತಿದ್ದನ್ನು ಹಿಡಿದು, ಕಂಡಕ್ಟರನಿಗೆ ಫೋನ್ ಮಾಡಿಸಿದ್ದಳು. ಮುದುಕಿ ವಾಪಸು ಬಂದಾಗ ಮಗಳು ಅನ್ನಪೂರ್ಣಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಮೊದಲಾಗಿದ್ದರೆ ಆಸ್ಪತ್ರೆ, ಕೆರೆ, ರೈಲು ಹಳಿ ಎಲ್ಲ ಅಲೆಯಬೇಕಿತ್ತು.

ಆದರೂ ಖುಷಿಪಡುವಷ್ಟು ತ್ರಾಣ ಅನ್ನಪೂರ್ಣಳಲ್ಲಿ ಉಳಿದಿರಲಿಲ್ಲ. ಕಾಣೆಯಾದವರನ್ನು ಹುಡುಕುವ ತಂಡಕ್ಕೆ ಬಂದಾಗಿನಿಂದ ಪರದೆ ನೋಡಿ ನೋಡಿ ಕಣ್ಣುಗಳು ಉರಿಯುತ್ತಿದ್ದವು. ಒಬ್ಬರು ಸಿಕ್ಕರೆ ಇನ್ನೊಬ್ಬರು ಕಾಯುತ್ತಿದ್ದರು.

ಆ ಇನ್ನೊಬ್ಬಳು ದೇವದುರ್ಗ ತಾಲೂಕಿನ ಜಾಲಹಳ್ಳಿಯ ಬಂಡೆಮ್ಮ. ಅವಳ ಗಂಡ ರೇವಣಸಿದ್ದ ದಿನವೂ ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತಿದ್ದ. ಮೊಬೈಲಿನಲ್ಲಿ ಹೆಂಡತಿಯ ಫೋಟೊ ತೆಗೆದು ಬಂದವರಿಗೆಲ್ಲ ತೋರಿಸುತ್ತಿದ್ದ.

“ಅಕ್ಕಾರ, ಕೂಳು ಸೇರವಲ್ದು ನನಗ. ಎಲ್ಲಿ ಬಿದ್ದಾಳೋ, ಏನಾಗ್ಯಾಳೋ. ಒಂದು ಸಲ ಆಕಿ ಮಾರಿ ನೋಡಿದ್ರ ಸಾಕ್ರೀ,” ಎಂದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಜಾಡು ಸಿಕ್ಕಿತು. ಬಂಡೆಮ್ಮ ಸಿಮ್ ಬದಲಿಸಿದ್ದಳು, ಆದರೆ ಫೋನು ಹಳೆಯದೇ. ಫೋನಿಗೇ ಒಂದು ನಂಬರಿರುತ್ತದೆ. ಸಿಮ್ ಎಸೆದರೂ ಅದು ಬೆನ್ನು ಬಿಡುವುದಿಲ್ಲ. ಟವರು ಮಾನ್ವಿ ತಾಲೂಕಿನ ಕುರ್ಡಿ ಕಡೆ ಬೆರಳು ತೋರಿಸುತ್ತಿತ್ತು. ಸದ್ಯ, ಬದುಕಿದ್ದಾಳೆ ಎಂದು ಅನ್ನಪೂರ್ಣ ನಿಟ್ಟುಸಿರು ಬಿಟ್ಟಳು.

ಇಂಥ ಕಡೆ ಹೆಂಗಸನ್ನು ಮೊದಲು ಒಬ್ಬಳನ್ನೇ ಮಾತಾಡಿಸಬೇಕೆಂಬುದು ಅವಳಿಗೆ ಗೊತ್ತಿತ್ತು. ಆದರೆ ರೇವಣಸಿದ್ದ ಕಾಲಿಗೆ ಬೀಳುವಂತೆ ಬೇಡಿಕೊಂಡ. ಕುರ್ಡಿ ಸುತ್ತಲಿನ ಹೊಲಗಳಲ್ಲಿ ಕೂಲಿಯವರು ನೂರಾರು. ಗುರುತು ಹಿಡಿಯಲು ಒಬ್ಬರು ಬೇಕು. ವಾದ ಮಾಡಲು ಬೇಸರವಾಗಿ, “ಹತ್ತ್ರಿ ಜೀಪು,” ಎಂದುಬಿಟ್ಟಳು. ಕುರ್ಡಿ ಮುಟ್ಟುವವರೆಗೂ ಅವನು ಹೆಂಡತಿಯ ಕೈಯಡುಗೆಯ ಮಾತೇ ಆಡುತ್ತಿದ್ದ. ಅನ್ನಪೂರ್ಣ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡಿದ್ದಳು.

ಕುರ್ಡಿಯ ಆಚೆ ಮೆಣಸಿನಕಾಯಿ ಹೊಲದಲ್ಲಿ ಹೆಂಗಸರು ಹಣ್ಣುಗಾಯಿ ಬಿಡಿಸುತ್ತಿದ್ದರು. ಜೀಪು ನಿಂತ ಕೂಡಲೇ ಒಬ್ಬಳು ತಲೆಯೆತ್ತಿದಳು. ಅವಳು ಖಾಕಿಯನ್ನು ನೋಡಲಿಲ್ಲ. ಹಿಂದಿನಿಂದ ಇಳಿಯುತ್ತಿದ್ದ ರೇವಣಸಿದ್ದನನ್ನು ನೋಡಿದಳು. ಓಡಲಿಲ್ಲ, ಕೂಗಲೂ ಇಲ್ಲ. ಇದ್ದಲ್ಲಿಯೇ ಗಿಡಗಳ ನಡುವೆ ಕುಸಿದು ಕೂತು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡಳು. ಏಟು ಬೀಳುವ ಮೊದಲೇ ತಡೆಯಲು ಕಲಿತ ಕೈಗಳು ಅವು. ಅನ್ನಪೂರ್ಣಳಿಗೆ ಅಷ್ಟೇ ಸಾಕಾಯಿತು.

“ಅಂಬರೇಶ, ಇವರನ್ನ ಜೀಪಿನ ಹಂತೇಕ ನಿಲ್ಸು. ಒಂದು ಹೆಜ್ಜಿ ಈ ಕಡಿ ಬರಬಾರ್ದು,” ಎಂದು ಡ್ರೈವರನಿಗೆ ಹೇಳಿ ಹೊಲಕ್ಕಿಳಿದಳು.

“ನನ್ ಹೇಣ್ತಿ ಜೋಡಿ ಮಾತಾಡಾಕ ನನಗೇ ತಡೀತೀರೇನ್ರೀ?” ರೇವಣಸಿದ್ದನ ದನಿ ಈಗ ಬೇರೆಯಾಗಿತ್ತು. “ಲೇ ಬಂಡಿ, ಎದ್ದು ಬಾ! ಮನಿ ಮರ್ಯಾದಿ ಹರಾಜ್ ಹಾಕಿ ಇಲ್ಲಿ ಕುಂತೀಯೇನು?”

ಅನ್ನಪೂರ್ಣ ಬಂಡೆಮ್ಮನ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತಳು. ಬಂಡೆಮ್ಮ ಮೆಲ್ಲಗೆ ಕೈ ಇಳಿಸಿದಳು.

“ಹೆಂಗ ಸಿಕ್ಕೆರೀ ನಾ? ಸಿಮ್ ಮುರ್ದು ಕಾಲುವ್ಯಾಗ ಒಗದಿದ್ನೆಲ್ಲ.”

“ಫೋನಿಗೇ ನಂಬರಿರ್ತದವ್ವ. ಅದ್ರಿಂದ ಗೊತ್ತಾತು.”

“ಇದನ್ನ ಯಾರೂ ಹೇಳಿರ್ಲಿಲ್ಲ ನನಗ,” ಎಂದಳು ಬಂಡೆಮ್ಮ, ತಪ್ಪು ತನ್ನದೇ ಎಂಬಂತೆ. “ನಮ್ಮವ್ವನ ಜೋಡಿ ಮಾತಾಡಾಕ ಇಟ್ಕೊಂಡಿದ್ದೆ. ಇಲ್ಲಂದ್ರ ಅದನ್ನೂ ಒಗೀತಿದ್ದೆ.” ಆಮೇಲೆ ರವಿಕೆಯ ತೋಳು ಸರಿಸಿ ತೋರಿಸಿದಳು. ಬೀಡಿಯಿಂದ ಸುಟ್ಟ ಕಲೆಗಳು. ಕೆಲವು ಹಳೆಯವು, ಕೆಲವು ಇನ್ನೂ ಮಾಯುತ್ತಿದ್ದವು.

“ಠಾಣೆಗ್ಯಾಕ ಹೋಗ್ಲಿಲ್ಲವ್ವ ನೀ?”

“ಹೋಗಿದ್ನಿ. ‘ಗಂಡ ಹೇಣ್ತಿ ಜಗಳ, ಹೊಂದ್ಕೊಂಡು ಹೋಗು’ ಅಂದ್ರು. ಆಗ ಯಾವ ಮಿಷನ್ನೂ ಇರ್ಲಿಲ್ಲೇನ್ರೀ ನಿಮ್ಮ ಹಂತೇಕ?”

ಅನ್ನಪೂರ್ಣ ಎದೆಯ ಮೇಲಿನ ಕ್ಯಾಮೆರಾ ಚಾಲೂ ಮಾಡಿ, “ಈಗ ಅದನ್ನೇ ಇದರ ಮುಂದ ಹೇಳು. ನಾಳೆ ಯಾರೂ ನಿನ್ನ ಮಾತು ತಿರುವಾಕ ಬರಂಗಿಲ್ಲ,” ಎಂದಳು. ಬಂಡೆಮ್ಮ ಹೇಳಿದಳು. ತಾನಾಗಿಯೇ ಬಂದದ್ದು, ಯಾರೂ ಕರೆತಂದಿಲ್ಲ, ಆ ಮನೆಗೆ ಕಾಲಿಡುವುದಿಲ್ಲ. ಹೊಲದ ಮೂಲೆಯಲ್ಲಿ ಕೂಲಿಯವರ ಮೇಸ್ತ್ರಿ ಹುಲಗೆಮ್ಮ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ಮೇಡಂರ, ಹುಡುಗಿ ಚೊಲೋದು. ಆದ್ರ ಅವ ಈಗ ಜಾಗ ನೋಡ್ಯಾನ. ನಾಳಿ ನಾಕು ಮಂದಿ ಕರ್ಕೊಂಡು ಬಂದ್ರ ನಮ್ಮನ್ಯಾರು ಕಾಯ್ತಾರ? ಇಲ್ಲಿ ಇಟ್ಕೊಳ್ಳಾಕ ಆಗಂಗಿಲ್ಲ.”

ಬಂಡೆಮ್ಮ ಅದನ್ನು ಕೇಳಿಸಿಕೊಂಡಳು. ಎದ್ದು, ಬಿಡಿಸಿದ್ದ ಕಾಯಿಯನ್ನು ರಾಶಿಗೆ ಸುರಿದು, ಗುಡಿಸಲಿನಿಂದ ಬಟ್ಟೆಯ ಗಂಟು ತಂದಳು. ಅಷ್ಟು ದಿನ ಹೆದರಿಕೆಯಿಲ್ಲದೆ ಮಲಗಿದ್ದ ಗುಡಿಸಲು ಅದು.

ಅನ್ನಪೂರ್ಣ ಜೀಪಿನ ಬಳಿ ಬಂದು ರೇವಣಸಿದ್ದನಿಗೆ, “ಆಕಿ ಬರಂಗಿಲ್ಲ. ಕೇಸು ಆಕ್ಕದ ನಿನ್ನ ಮ್ಯಾಲ. ಬಸ್ಸಿಗೆ ಹೋಗು,” ಎಂದಳು. ಅವನು ಮತ್ತೆ ಅಳಲು ಶುರುಮಾಡಿದ. ಈ ಸಲ ಅವಳು ಆ ಕಡೆ ನೋಡಲಿಲ್ಲ.

ಬಂಡೆಮ್ಮನನ್ನು ಕೂರಿಸಿಕೊಂಡು ಮರಳುವ ದಾರಿಯಲ್ಲಿ ಅಧಿಕಾರಿಗಳ ವಾಟ್ಸಪ್ ಗುಂಪಿನಲ್ಲಿ ಸಂದೇಶ ಬಿತ್ತು: ಕಾಣೆಯಾದ ಮಹಿಳೆ ಪತ್ತೆ, ತಂಡಕ್ಕೆ ಅಭಿನಂದನೆ. ಕೆಳಗೆ ಸಾಲುಸಾಲು ಹೆಬ್ಬೆರಳುಗಳು. ಅನ್ನಪೂರ್ಣ ಫೋನನ್ನು ಬೋರಲಾಗಿಟ್ಟಳು.

ರಾಯಚೂರು ಹತ್ತಿರವಾದಾಗ ಬಂಡೆಮ್ಮ ಕೇಳಿದಳು. “ಇಲ್ಲಿಂದ ನಾ ಬ್ಯಾರೆ ಕಡಿ ಹೋದ್ರ ಮತ್ತ ಹುಡುಕ್ತೀರೇನ್ರೀ?”

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಅನ್ನಪೂರ್ಣಳಿಗೆ ಅದೂ ಬೇಡವೆನಿಸಿತು. “ಅವ ಮತ್ತ ದೂರು ಕೊಟ್ರ ಹುಡುಕಬೇಕಾಕ್ಕದವ್ವ. ಆದ್ರ ನಾ ಒಬ್ಬಾಕಿನೇ ಬರ್ತೀನಿ. ಚೊಲೋ ಅದೀಯೋ ಇಲ್ಲೋ ಕೇಳಿ ಹೋಗ್ತೀನಿ.”

ಬಂಡೆಮ್ಮ ಅದನ್ನು ನಂಬಿದಳೋ ಇಲ್ಲವೋ. ಹೆಣ್ಣುಮಕ್ಕಳ ಆಸರೆ ಕೇಂದ್ರದಲ್ಲಿ ಕೆಲವು ವಾರ ಇದ್ದು, ಕೇಸಿನ ಹೇಳಿಕೆ ಕೊಟ್ಟು, ಒಂದು ಬೆಳಿಗ್ಗೆ ಅಲ್ಲಿಯವರಿಗೆ ಹೇಳಿಯೇ ಕೆಲಸಕ್ಕೆಂದು ಹೊರಟುಹೋದಳು. ಫೋನನ್ನು ಅಲ್ಲೇ ಬಿಟ್ಟಿದ್ದಳು. ಸಂಜೆಗಳಲ್ಲಿ ಅದು ಒಮ್ಮೊಮ್ಮೆ ಬಡಿದುಕೊಳ್ಳುತ್ತಿತ್ತು, ಪರದೆಯ ಮೇಲೆ ‘ಅವ್ವ’ ಎಂದು ಮೂಡುತ್ತಿತ್ತು. ಏನು ಮಾಡಬೇಕೆಂದು ಕೇಂದ್ರದವರು ಕೇಳಿದಾಗ ಅನ್ನಪೂರ್ಣ ತಾನೇ ಹೋಗಿ ಎತ್ತಿದಳು.

“ಯವ್ವಾ, ನಿಮ್ಮ ಮಗಳು ಅರಾಮ ಅದಾಳ,” ಎಂದಳು. “ಆಕಿನೇ ಮಾಡ್ತಾಳ. ನೀವು ಈ ನಂಬರಿಗೆ ಮಾಡಬ್ಯಾಡ್ರಿ.”