ಸ್ವಾತಿ ಓದಿದ ಸಾಲು

ಸೌಜನ್ಯ ಟೀಚರ್ ಬೀರು ತೆಗೆದು ಪುಸ್ತಕ ಹೊರಗಿಟ್ಟರೆಂದರೆ ಮಕ್ಕಳಿಗೆ ಓದುವ ಯೋಗ ಬಂತೆಂದಲ್ಲ, ಸೂಪರ್‌ವೈಸರ್ ಬರುತ್ತಾರೆಂದು ಅರ್ಥ. ತೀರ್ಥಹಳ್ಳಿಯಿಂದ ಮೇಗರವಳ್ಳಿಗೆ ಹೋಗುವ ದಾರಿಯ ಆ ಅಂಗನವಾಡಿಯಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿಯಾಗಿದ್ದ ಹುಲಿಗೆಮ್ಮನಿಗೆ ಈ ನಾಟಕ ಬಾಯಿಪಾಠವಾಗಿತ್ತು. ಇಪ್ಪತ್ತು ಚಿತ್ರಪುಸ್ತಕ, ಇಪ್ಪತ್ತಕ್ಕೂ ಪ್ಲಾಸ್ಟಿಕ್ ಹೊದಿಕೆ. ಚಾಪೆಯ ಮೇಲೆ ಹರಡುವುದು, ಮಕ್ಕಳನ್ನು ಸುತ್ತ ಕೂರಿಸುವುದು, ಫೋಟೊ ಹೊಡೆದು ಮೇಲಿನವರಿಗೆ ಕಳಿಸುವುದು. ಮತ್ತೆ ಬೀರು, ಮತ್ತೆ ಬೀಗ. ಹೊರಗಿಟ್ಟರೆ ಬೂಷ್ಟು ಹಿಡಿಯುತ್ತದೆ, ಹರಿದರೆ ಉತ್ತರ ಹೇಳುವವರು ಯಾರು ಎಂದು ಟೀಚರಮ್ಮನ ವಾದ. ಪುಸ್ತಕಕ್ಕೆ ಬೂಷ್ಟು ಹಿಡಿಯಬಾರದು, ಮಕ್ಕಳ ತಲೆಗೆ ಹಿಡಿದರೆ ಅಡ್ಡಿಯಿಲ್ಲ! ಇಂಥವಳಿಗೂ ಟೀಚರ್ ಅನ್ನಬೇಕಲ್ಲ ಎಂದು ಹುಲಿಗೆಮ್ಮ ಉಪ್ಪಿಟ್ಟಿನ ರವೆ ಹುರಿಯುತ್ತ ಹಲ್ಲು ಕಡಿಯುತ್ತಿದ್ದಳು.

ಸಿಟ್ಟಿಗೆ ಕಾರಣವಿತ್ತು. ಮಗಳ ಮಗಳು ಸ್ವಾತಿಗೆ ಮೂರೂವರೆ ತುಂಬಿದರೂ ಎರಡು ಮಾತು ಕೂಡಿಸಿ ಆಡಿರಲಿಲ್ಲ. ಮಗಳು ಬೆಳಗಾದರೆ ಕೆಲಸಕ್ಕೆ ಓಡುವವಳು. ಮಗು ಅಜ್ಜಿಯ ಜೊತೆಯೇ ಅಂಗನವಾಡಿಗೆ ಬಂದು, ಅಜ್ಜಿಯ ಜೊತೆಯೇ ಮನೆಗೆ ಹೋಗುತ್ತಿತ್ತು. ಕಿವಿ, ನಾಲಿಗೆ ಎಲ್ಲ ಸರಿಯಿದೆ, ಚಿತ್ರ ತೋರಿಸಿ ಮಾತಾಡಿಸಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಹುಲಿಗೆಮ್ಮ ಒಂದೇ ಒಂದು ಪುಸ್ತಕ ಕೇಳಿದ್ದಳು. ಟೀಚರಮ್ಮ ನಕ್ಕುಬಿಟ್ಟರು.

"ನಿಮಗೇ ಓದಕ್ಕೆ ಬರಲ್ಲ ಹುಲಿಗೆಮ್ಮ. ತಗಂಡೋಗಿ ಎಂತ ಮಾಡ್ತೀರಿ?"

ಅಕ್ಷರ ಬರದವಳಿಗೆ ಆನೆಯ ಚಿತ್ರ ಕಂಡರೆ ಆನೆ ಅನ್ನಲೂ ಬಾರದೇ? ಎದುರು ಹೇಳುವ ಹಾಗಿರಲಿಲ್ಲ, ಮನಸ್ಸಿನಲ್ಲೇ ಉಗಿದಳು.

ಆ ದಿನ ಬಂದ ಸೂಪರ್‌ವೈಸರ್ ಫೋಟೊ ಸಾಲದು, ಮಕ್ಕಳು ಓದುವ ವಿಡಿಯೊ ಬೇಕು ಎಂದರು. ಟೀಚರಮ್ಮನ ಮುಖ ಹುಳ್ಳಗಾಯಿತು. "ತಗಳ್ರೋ, ಒಂದೊಂದು ತಗಳ್ರೋ" ಎಂದು ಎಷ್ಟು ಪುಸಲಾಯಿಸಿದರೂ ಹದಿನಾಲ್ಕು ಮಕ್ಕಳೂ ಕೈ ಕಟ್ಟಿಕೊಂಡೇ ಕೂತಿದ್ದವು. ಮುಟ್ಟಬಾರದು ಎಂದು ಕಲಿಸಿದ ಪಾಠ ಅಷ್ಟು ಚೆನ್ನಾಗಿ ಹತ್ತಿತ್ತು. ಬಿತ್ತಿದಂತೆ ಬೆಳೆ! ಹುಲಿಗೆಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಆಗ ಸ್ವಾತಿ ಕೈ ಚಾಚಿ ಒಂದು ಪುಸ್ತಕ ಎಳೆದುಕೊಂಡು ತೊಡೆಯ ಮೇಲೆ ಬಿಡಿಸಿದಳು. ಸೂಪರ್‌ವೈಸರ್ ಮೊಬೈಲ್ ಹಿಡಿದು ಬಗ್ಗಿದರು.

"ಓದು ಪುಟ್ಟಿ, ಅದ್ರಲ್ಲಿ ಎಂತ ಬರ್ದಿದಾರೆ?"

ಅಡುಗೆಕೋಣೆಯ ಬಾಗಿಲಿಂದ ನೋಡುತ್ತಿದ್ದ ಹುಲಿಗೆಮ್ಮನ ಕೈಯ ಸೌಟು ನಿಂತಿತು. ಒಂದು ಮಾತು ಬರಲಿ ದೇವರೇ, ಒಂದೇ ಒಂದು.

ಮಗು ಸಾಲಿನ ಕೆಳಗೆ ಬೆರಳಿಟ್ಟು, ಹುಬ್ಬು ಗಂಟಿಕ್ಕಿ, ಬಿಡಿಬಿಡಿಯಾಗಿ ಓದಿತು:

"ಸುಮ್ನೆ ಕೂತ್ಕ. ಬಾಯ್ಮುಚ್ಚು. ತಲೆ ತಿನ್ಬೇಡ, ನಂಗೆ ಕೆಲ್ಸ ಇದೆ."

ಸೂಪರ್‌ವೈಸರ್ ಮೊಬೈಲ್ ಇಳಿಸಿ ಟೀಚರಮ್ಮನ ಕಡೆ ತಿರುಗಿದರು. "ಮಕ್ಕಳ ಹತ್ರ ಹಿಂಗಾ ನೀವು ಮಾತಾಡದು?"

ಟೀಚರಮ್ಮ ಕಕ್ಕಾಬಿಕ್ಕಿಯಾದರು. ಅವರು ಹಾಗೆ ಒಂದು ದಿನವೂ ಗದರಿದವರಲ್ಲ, ಮಕ್ಕಳ ಹತ್ತಿರ ಮಾತಾಡಿದರೆ ತಾನೆ? ಸ್ವಾತಿ ಅಡುಗೆಕೋಣೆಗೆ ಬಂದು ಸೆರಗು ಹಿಡಿದು ಜಗ್ಗಿದಾಗೆಲ್ಲ, ಅದೇನು ಎಂದು ಬೆರಳು ತೋರಿಸಿದಾಗೆಲ್ಲ, ಇಲ್ಲಿಯೂ ಮನೆಯಲ್ಲಿಯೂ ಹಾಗೆನ್ನುತ್ತಿದ್ದವರು ಯಾರೆಂದು ಹುಲಿಗೆಮ್ಮನಿಗೆ ಗೊತ್ತಿತ್ತು. ಮಾತಷ್ಟೇ ಅಲ್ಲ, ಗಂಟಿಕ್ಕಿದ ಆ ಹುಬ್ಬೂ ತನ್ನದೇ. ಸುಮ್ಮನಿದ್ದರೆ ತಪ್ಪು ಟೀಚರಮ್ಮನ ತಲೆಗೇ ಬೀಳುತ್ತಿತ್ತು, ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಒಲೆ ಆರಿಸಿ ಹೊರಗೆ ಬಂದಳು.

"ಟೀಚರಲ್ಲ ಮೇಡಂ," ಎಂದಳು. "ಅದು ನಾನು."