ಬಾಯಿ ತೆರೆದು ಕತೆ ಕೇಳಿದವರು

ಹಲ್ಲಿನ ಡಾಕ್ಟರು ತಮ್ಮ ಚಿತ್ರಕಥೆಯನ್ನು ಮೊದಲು ಹೇಳಿದ್ದು ರೋಗಿಗಳಿಗೆ. ಕುರ್ಚಿಯಲ್ಲಿ ಒರಗಿಸಿ, ದವಡೆಯ ಎರಡೂ ಕಡೆ ಹತ್ತಿ ತುರುಕಿ, ಎಂಜಲು ಎಳೆಯುವ ಕೊಳವೆಯನ್ನು ತುಟಿಗೆ ಸಿಕ್ಕಿಸಿದ ಮೇಲೆ ಕತೆ ಶುರುವಾಗುತ್ತಿತ್ತು.

"ಒಬ್ಬ ಪತ್ತೇದಾರ ಇರ್ತಾನೆ. ಸಾವು ಅಂದ್ರೆ ಅವನಿಗೆ ಭಯ ಇಲ್ಲ."

ರೋಗಿ "ಆಂ" ಎನ್ನುತ್ತಿದ್ದ. ಡಾಕ್ಟರು ಅದನ್ನು ಮೆಚ್ಚುಗೆಯೆಂದು ತಿಳಿದು ಮುಂದುವರಿಸುತ್ತಿದ್ದರು. ಸಣ್ಣ ಹುಳುಕಾದರೆ ಕತೆ ಮಧ್ಯಂತರಕ್ಕೆ ಬಂದು ನಿಲ್ಲುತ್ತಿತ್ತು; ರೂಟ್ ಕೆನಾಲ್ ಆದರೆ ಕ್ಲೈಮ್ಯಾಕ್ಸೂ ಮುಗಿಯುತ್ತಿತ್ತು. ಒಮ್ಮೆ ಒಬ್ಬ ಹೆಂಗಸು ಕ್ಲೈಮ್ಯಾಕ್ಸಿನಲ್ಲಿ ಕಣ್ಣೀರು ಸುರಿಸಿದರು. ಡಾಕ್ಟರ ಎದೆ ತುಂಬಿ ಬಂತು. ಜೋಮಿನ ಇಂಜೆಕ್ಷನ್ ಸರಿಯಾಗಿ ಹಿಡಿದಿಲ್ಲವೆಂದು ಪಕ್ಕದಲ್ಲಿದ್ದ ಸಿಸ್ಟರಿಗೆ ಗೊತ್ತಿತ್ತು. ಆದರೆ ಸಂಬಳ ಕೊಡುವವರ ಕತೆಯಲ್ಲಿ ಕೈ ಹಾಕುವುದೇಕೆ ಎಂದು ಆಕೆ ಸುಮ್ಮನಾದರು.

ಹೀಗೆ ವರ್ಷಗಟ್ಟಲೆ ಒಂದೇ ಒಂದು ಆಕ್ಷೇಪಣೆಯೂ ಬಾರದ ಕತೆ ಕೊನೆಗೆ ಟೈಪಾಗಿ, ಬೈಂಡಾಗಿ, ದಿಂಬಿನಷ್ಟು ದಪ್ಪವಾಗಿ ಮನೆಗೆ ಬಂತು. ಭಾವಮೈದುನ ಅದನ್ನು ಕೈಯಲ್ಲೇ ತೂಗಿ ನೋಡಿ, "ಭಾವ, ಇದನ್ನ ತಿಳಿದೋರಿಗೇ ತೋರಿಸ್ಬೇಕು" ಎಂದ. ತನಗೆ ಓದು ಅನ್ನಬೇಡಿ ಎಂಬುದು ಅದರ ಅರ್ಥ. ಡಾಕ್ಟರು ಅದನ್ನೂ ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡರು.

ತಿಳಿದವರೆಂದರೆ ಸಿನಿಮಾದವರೆಲ್ಲ ಕತ್ತರಿ ಮೇಡಂ ಎಂದು ಕರೆಯುತ್ತಿದ್ದ ಹೆಂಗಸು. ಮುಂಚೆ ಚಿತ್ರಗಳ ಸಂಕಲನ ಮಾಡುತ್ತಿದ್ದವರು, ಈಗ ಬೇರೆಯವರ ಚಿತ್ರಕಥೆ ಓದಿ ಎಲ್ಲಿ ಸೋರುತ್ತಿದೆ ಎಂದು ಹೇಳುವುದೇ ಅವರ ಕಸುಬು. ಬಟ್ಟೆ ಹೊಲಿಯುವ ಅಂಗಡಿಯ ಮೇಲೊಂದು ಕೋಣೆ. ಕೆಳಗಿನ ಮಷೀನುಗಳ ಸದ್ದಿಗೆ ಮೇಜಿನ ಮೇಲಿನ ಪೆನ್ಸಿಲುಗಳು ಸಣ್ಣಗೆ ನಡುಗುತ್ತಿದ್ದವು. ಬಂದವರಿಗೆ ಇದ್ದದ್ದು ಒಂದೇ ಕುರ್ಚಿ, ಅದರ ಮೇಲೂ ಕಾಗದದ ರಾಶಿ.

ಹೊಗಳಿದಾಗ ಎಷ್ಟು ವಿನಯ ತೋರಬೇಕು ಎಂಬುದನ್ನು ಡಾಕ್ಟರು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡೇ ಹೋಗಿದ್ದರು.

"ಪೂರ್ತಿ ಓದಿದೆ" ಎಂದರು ಮೇಡಂ. "ನಿಮ್ಮ ಪತ್ತೇದಾರ ಅಣೆಕಟ್ಟಿನ ಮೇಲೆ ನಿಂತ್ಕೊಂಡು ನ್ಯಾಯದ ಬಗ್ಗೆ ಮಾತಾಡ್ತಾನಲ್ಲ, ಅದು ಎಷ್ಟು ಪುಟ?"

"ಹನ್ನೊಂದು" ಎಂದರು ಡಾಕ್ಟರು ಹೆಮ್ಮೆಯಿಂದ.

"ಖಳನಾಯಕನ ಕೈಯಲ್ಲಿ ಪಿಸ್ತೂಲಿದೆ. ಹನ್ನೊಂದು ಪುಟ ಅವನು ಏನ್ ಮಾಡ್ತಿರ್ತಾನೆ?"

"ಕೇಳ್ತಿರ್ತಾನೆ."

"ಹೌದು. 'ಬಾಯಿ ತೆರೆದುಕೊಂಡು ಕೇಳುತ್ತಿದ್ದಾನೆ' ಅಂತ ನೀವೇ ಬರೆದಿದ್ದೀರಿ. ಅದಕ್ಕೆ ಮುಂಚೆ ಮಂತ್ರಿ ಬಾಯಿ ತೆರೆದುಕೊಂಡು ಕೇಳ್ತಾನೆ. ನಾಯಕಿ ಹತ್ರ ಮದುವೆ ಮಾತು ಎತ್ತಿದಾಗ ಅವಳೂ ಬಾಯಿ ತೆರೆದುಕೊಂಡು ಕೇಳ್ತಾಳೆ. ಅವಳು ಏನು ಉತ್ತರ ಕೊಡ್ತಾಳೆ, ಸ್ವಲ್ಪ ಓದಿ."

ಡಾಕ್ಟರು ಕನ್ನಡಕ ಏರಿಸಿ ಓದಿದರು. "ನಾಯಕಿ: ಆಂ."

"ನೀವು ಏನು ಕೆಲಸ ಮಾಡ್ತೀರಿ?"

"ಹಲ್ಲಿನ ಡಾಕ್ಟ್ರು."

ಮೇಡಂ ನಗಲಿಲ್ಲ. ನಗದಿರುವುದಕ್ಕಾಗಿ ತುಸು ಹೊತ್ತು ಕಿಟಕಿಯ ಕಡೆ ತಿರುಗಿಕೊಳ್ಳಬೇಕಾಯಿತು ಅಷ್ಟೆ. ಆಮೇಲೆ ಮೆತ್ತಗೆ ಹೇಳಿದರು, "ನಿಮಗೆ ಮಾತು ಬರುತ್ತೆ. ಕೇಳೋದು ಬರಲ್ಲ. ಒಂದು ವಾರ ಒಂದಕ್ಷರ ಬರೀಬೇಡಿ, ಸುಮ್ನೆ ಜನ ಹೇಳೋದನ್ನ ಕೇಳಿ. ಆಮೇಲೆ ಮೂರೇ ಮೂರು ಪುಟ ತನ್ನಿ. ಅದರಲ್ಲಿ ಇಬ್ಬರು ಇರ್ಲಿ, ಇಬ್ಬರ ಬಾಯೂ ಖಾಲಿ ಇರ್ಲಿ."

ಡಾಕ್ಟರು ಇಂಗು ತಿಂದ ಮಂಗನ ಹಾಗೆ ಮೆಟ್ಟಿಲಿಳಿದರು. ಎರಡು ದಿನ ಮೇಡಮ್ಮನ್ನು ಮನಸ್ಸಿನಲ್ಲೇ ಬೈದರು. ಮೂರನೆಯ ದಿನ, ಆಕೆ ಹೇಳಿದ್ದು ಶುದ್ಧ ಸುಳ್ಳೆಂದು ತೋರಿಸಿಕೊಡುವ ಹಟಕ್ಕೇ, ಹತ್ತಿ ಇಡುವ ಮೊದಲು ರೋಗಿಗೆ "ಹೇಳಿ" ಎಂದರು.

ಯಾರೂ ಎಂದೂ ಹಾಗೆ ಕೇಳಿರಲಿಲ್ಲ. ನಿವೃತ್ತ ಬಸ್ ಕಂಡಕ್ಟರೊಬ್ಬರು ಹಾಲುಹಲ್ಲು ಬಿದ್ದಲ್ಲಿಂದ ಆರಂಭಿಸಿದರು; ಕತೆ ನೌಕರಿ ಸೇರುವಲ್ಲಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಹೊರಗೆ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತರು. ಇನ್ನೊಬ್ಬ ಪಕ್ಕದ ಮನೆಯವರ ಜತೆಗಿನ ಗೋಡೆಯ ಜಗಳವನ್ನು ಆಮೂಲಾಗ್ರ ಹೇಳಿಕೊಂಡು, ಕೊನೆಗೆ ದವಡೆ ಒತ್ತಿ ನೋಡಿ, ನೋವು ಹೋಯಿತೆಂದು ಎದ್ದು ನಡೆದ. ಡಾಕ್ಟರಿಗೇ ಹುಷಾರಿಲ್ಲವೇನೋ ಎಂದು ಯಾರೋ ಸಿಸ್ಟರನ್ನು ವಿಚಾರಿಸಿದರು.

ಹಿಂದೊಮ್ಮೆ ಕ್ಲೈಮ್ಯಾಕ್ಸಿನಲ್ಲಿ ಅತ್ತಿದ್ದ ಹೆಂಗಸೂ ಬಂದರು.

"ಆ ಪತ್ತೇದಾರನ ತಮ್ಮ ಶುರುವಿನಲ್ಲೇ ಸತ್ತು ಹೋದನಲ್ಲ ಡಾಕ್ಟ್ರೇ, ಮಧ್ಯಂತರದಲ್ಲಿ ಅವನು ಫೋನ್ ಹೇಗೆ ಮಾಡ್ದ?"

"ಆವತ್ತೇ ಕೇಳ್ಬೋದಿತ್ತಲ್ಲ?"

"ಕೇಳೋಣ ಅಂತಾನೇ ಕೈ ಎತ್ತಿದ್ದೆ. ನೀವು ಇನ್ನೊಂದು ಇಂಜೆಕ್ಷನ್ ಚುಚ್ಚಿಬಿಟ್ರಿ."

ಆ ಸಂಜೆ ಡಾಕ್ಟರು ಊಟಕ್ಕೆ ಕೂತರು. ಎದುರಿಗೆ ಹೆಂಡತಿ. ಆಕೆ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಕೇಳುವ ಅಭ್ಯಾಸ ನೋಡುವುದಕ್ಕೂ ಹಬ್ಬಿತ್ತೋ ಏನೋ, ಆಕೆಯ ಜಡೆ ಒದ್ದೆಯಾಗಿರುವುದು ಅವರ ಕಣ್ಣಿಗೆ ಬಿತ್ತು.

"ತಲೆ ಯಾಕೆ ಒದ್ದೆ?"

"ಈಜಿ ಬಂದೆನಲ್ಲ."

"ಈಜೋದು ಅಂದ್ರೆ?"

"ಈಜುಕೊಳದಲ್ಲಿ ರೀ. ಬೇಸಿಗೆ ರಜದಿಂದ ದಿನಾ ಹೋಗ್ತಿದ್ದೀನಲ್ಲ."

"ನನಗೆ ಹೇಳ್ಲೇ ಇಲ್ವಲ್ಲೇ ನೀನು."

ಆಕೆ ಚಮಚ ಕೆಳಗಿಟ್ಟಳು. "ಹೇಳ್ದೆ. ಸೇರ್ಕೊಳ್ತೀನಿ ಅಂದೆ, ಹೂಂ ಅಂದ್ರಿ. ನೀರು ಕಂಡ್ರೆ ಕೈಕಾಲು ನಡುಗುತ್ತೆ ಅಂದೆ, ಹೂಂ ಅಂದ್ರಿ. ಹೋದ ತಿಂಗಳು ಮುಳುಗೇ ಹೋಗ್ತಿದ್ದೆ, ಯಾರೋ ಎಳೆದು ದಡಕ್ಕೆ ಹಾಕಿದ್ರು ಅಂದೆ."

"ಅದಕ್ಕೇನಂದೆ ನಾನು?"

"'ಒಳ್ಳೇದಾಯ್ತು' ಅಂದ್ರಿ. ಆಮೇಲೆ ಅಣೆಕಟ್ಟಿನ ಸೀನು ಹೇಳಿದ್ರಿ."

ಡಾಕ್ಟರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಆಮೇಲೆ ಕೇಳಿದರು, "ನೀರಂದ್ರೆ ಯಾಕೆ ಭಯ ನಿನಗೆ?"

ಆಕೆ ಹೇಳಿದಳು. ಚಿಕ್ಕವಳಿದ್ದಾಗ ಚಿಕ್ಕಪ್ಪ ಈಜು ಕಲಿಸುತ್ತೇನೆಂದು ಕಾಲುವೆಗೆ ಎತ್ತಿ ಎಸೆದದ್ದು, ಮೂಗು ಬಾಯಿಗೆಲ್ಲ ನೀರು ನುಗ್ಗಿದ್ದು, ಇಷ್ಟು ವಯಸ್ಸಾದರೂ ತಲೆಗೆ ನೀರು ಸುರಿದುಕೊಳ್ಳುವಾಗ ಕಣ್ಣು ಮುಚ್ಚಲಾಗದ್ದು. ಶ್ವಾಸಕೋಶದ ಬಗ್ಗೆ ಎರಡು ಮಾತು ಹೇಳಿಬಿಡಬೇಕೆಂದು ಡಾಕ್ಟರ ನಾಲಿಗೆ ಮೂರು ಸಲ ಮೇಲೆದ್ದಿತು. ಮೂರು ಸಲವೂ ಕಚ್ಚಿ ಕೂರಿಸಿದರು. ತಟ್ಟೆಯ ಅನ್ನ ಆರಿ ತಣ್ಣಗಾಯಿತು. ಮದುವೆಯಾಗಿ ಇಷ್ಟು ವರ್ಷ ಪಕ್ಕದಲ್ಲೇ ಇದ್ದವಳನ್ನು ಇವತ್ತು ಯಾರೋ ಪರಿಚಯ ಮಾಡಿಸಿದ ಹಾಗಿತ್ತು.

ಮೂರು ಪುಟ ಬರೆದರು. ಒಂದು ಊಟದ ಮೇಜು, ಗಂಡ, ಹೆಂಡತಿ. ಮೇಡಂ ಓದುತ್ತ ಒಂದು ಕಡೆ ನಿಲ್ಲಿಸಿದರು.

"ಈ 'ಒಳ್ಳೇದಾಯ್ತು' ಎಲ್ಲಿಂದ ತಂದ್ರಿ?"

"ನಂದೇ ಮಾತು."

"ಹಾಗೆ ಅಂದ್ಕೊಂಡೆ. ಕೂತು ಯೋಚಿಸಿದ್ರೆ ಇಂಥದ್ದು ಹೊಳೆಯಲ್ಲ." ಆಮೇಲೆ ಮೂರನೆಯ ಪುಟದ ಮೇಲೆ ಅಡ್ಡಗೆರೆ ಎಳೆದರು. "ಇಲ್ಲಿ ಗಂಡ ಪಶ್ಚಾತ್ತಾಪದ ಬಗ್ಗೆ ಭಾಷಣ ಹೊಡೀತಾನೆ. ಅವನ ಬಾಯಿಗೆ ಸ್ವಲ್ಪ ಹತ್ತಿ ತುರುಕಿ. ಮಿಕ್ಕಿದ್ದು ಬೆಳೆಸಿ."

ಬೆಳೆಸಿದ್ದನ್ನು ಈ ಸಲ ಹೆಂಡತಿಗೂ ಕೊಟ್ಟರು. ಆಕೆ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನನ್ನೇ ಹಿಡಿದು ಕೂತಳು. ಗಂಡ ಇದ್ದಕ್ಕಿದ್ದ ಹಾಗೆ ಒಳ್ಳೆಯವನಾಗುವ ಸೀನಿನ ಪಕ್ಕ 'ಹಂತಗಳನ್ನು ತೋರಿಸಿಲ್ಲ' ಎಂದು ಬರೆದು ಸೊನ್ನೆ ಸುತ್ತಿದಳು. ಕೊನೆಯಲ್ಲಿ ನೀರಿಗೆ ಬಿದ್ದ ಗಂಡನನ್ನು ಹೆಂಡತಿ ಈಜಿ ಕಾಪಾಡುವುದು ಡಾಕ್ಟರ ಆಸೆಯಾಗಿತ್ತು.

"ನಿಮ್ಮನ್ನ ನೀರಿಂದ ಎತ್ತಿ ಹಾಕೋಕೆ ನಾನು ಈಜು ಕಲಿತಿದ್ದಲ್ಲ" ಎಂದಳು ಆಕೆ. ಫೋನಿನಲ್ಲಿ ಕೇಳಿದಾಗ ಮೇಡಮ್ಮೂ ಅದನ್ನೇ ಹೇಳಿದರು. ಮನೆಯಲ್ಲೊಬ್ಬರು, ಕಸುಬಿನಲ್ಲೊಬ್ಬರು. ಡಾಕ್ಟರು ಅಡಕತ್ತರಿಯಲ್ಲಿ ಸಿಕ್ಕಿಬಿದ್ದರು. ಗಂಡ ದಡದಲ್ಲೇ ಉಳಿದ.

ತಿದ್ದಿ ತಿದ್ದಿ ತೆಳ್ಳಗಾದ ಚಿತ್ರಕಥೆಯನ್ನು ಮೇಡಂ ಕಿರುಚಿತ್ರ ಮಾಡುವ ಒಬ್ಬ ನಿರ್ದೇಶಕನಿಗೆ ಕೊಟ್ಟರು. ಅವನು ಮನೆಗೇ ಬಂದ. ಎಲ್ಲ ಹಿಡಿಸಿತು, ಒಂದು ಬದಲಾವಣೆ ಮಾತ್ರ ಬೇಕು ಎಂದ. "ಗಂಡ ಡಾಕ್ಟ್ರು ಬೇಡ ಸರ್. ಅಷ್ಟು ಓದಿದೋನು ಇಷ್ಟು ಪೆದ್ದ ಇರ್ತಾನೆ ಅಂದ್ರೆ ಜನ ನಂಬಲ್ಲ."

ಡಾಕ್ಟರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಡತಿಯ ದನಿ ಬಂತು. "ನಂಬ್ತಾರೆ. ಹಾಗೇ ಇರ್ಲಿ."

ಈಜುಕೊಳದ ಚಿತ್ರೀಕರಣದ ದಿನ ಬಯಲಾದದ್ದೇನೆಂದರೆ, ಹೆಂಡತಿಯ ಪಾತ್ರದ ನಟಿಗೆ ಈಜು ಬರುತ್ತಿರಲಿಲ್ಲ. ಬರುತ್ತದೆಂದು ಪಾಪ ಸುಳ್ಳು ಹೇಳಿದ್ದಳು. ದೂರದಿಂದ ಬೆನ್ನು ಕಾಣುವ ಶಾಟುಗಳಿಗೆ ಲೆಕ್ಕದ ಟೀಚರೇ ಟೋಪಿ ಹಾಕಿಕೊಂಡು ಇಳಿಯಬೇಕಾಯಿತು. ಕೊಳದ ಅಂಚಿನಲ್ಲಿ ದೀಪದವರು, ಕ್ಯಾಮೆರಾದವರು, ಛತ್ರಿ ಹಿಡಿದವರು ಓಡಾಡುತ್ತಿದ್ದರು. ಬರೆದವರಿಗೆ ಮಾತ್ರ ಏನೂ ಕೆಲಸವಿರಲಿಲ್ಲ. ನಿಂತಲ್ಲೆಲ್ಲ ಫ್ರೇಮಿಗೆ ಅಡ್ಡ ಬಂದು, ಡಾಕ್ಟರು ಕೊನೆಗೆ ಪಂಪುಮನೆಯ ಗೋಡೆಗೆ ಅಂಟಿಕೊಂಡರು.

ಆಕೆ ಆ ತುದಿಯಿಂದ ಈ ತುದಿಗೆ ಬಂದಳು. ನಿರ್ದೇಶಕ ಇನ್ನೊಮ್ಮೆ ಎಂದ. ಬಂದಳು. ಮತ್ತೊಮ್ಮೆ ಎಂದ. ತೋಳು ಎತ್ತಿ ಬೀಸುವಾಗ ಭುಜ ನೀರಿನಿಂದ ಮೇಲೇಳುವುದು, ಮುಖ ಪಕ್ಕಕ್ಕೆ ಹೊರಳಿ ಉಸಿರೆಳೆದು ಮತ್ತೆ ಒಳಗಿಳಿಯುವುದು, ಇದನ್ನೆಲ್ಲ ಡಾಕ್ಟರು ಕಾಗದದ ಮೇಲೆ ಎಷ್ಟೋ ಸಲ ಬರೆದು ಹೊಡೆದು ಹಾಕಿದ್ದರು. ನೋಡಿದ್ದು ಇದೇ ಮೊದಲು.

ಆಕೆ ದಡದ ಕಂಬಿ ಹಿಡಿದು ಏದುಸಿರಿನಲ್ಲಿ ಏನೋ ಹೇಳಿದಳು. ಪಂಪಿನ ಗದ್ದಲದಲ್ಲಿ ಕೇಳಿಸಲಿಲ್ಲ. ಡಾಕ್ಟರು ಹತ್ತಿರ ಹೋಗಿ, ಪ್ಯಾಂಟು ತೊಯ್ಯುವುದನ್ನೂ ಲೆಕ್ಕಿಸದೆ ಮಂಡಿಯೂರಿ ಬಗ್ಗಿದರು.

"ಏನಂದೆ?"

"ಟವೆಲ್ ಕೊಡಿ ಅಂದೆ. ಚಳಿ ಆಗ್ತಿದೆ."

ಅವರು ಎದ್ದು ಟವೆಲ್ ಹುಡುಕಲು ಹೊರಟರು. ಕ್ಯಾಮೆರಾ ಇನ್ನೂ ಓಡುತ್ತಿತ್ತಂತೆ; ನಿರ್ದೇಶಕ ಹಣೆ ಚಚ್ಚಿಕೊಂಡು, ನಾಲ್ಕನೆಯ ಸಲಕ್ಕೆ ಎಲ್ಲರನ್ನೂ ಸಿದ್ಧವಾಗಲು ಹೇಳಿದ.